ಕಾಳಿನ ಕೋಣೆಯ ಒಂಬತ್ತು ಮಕ್ಕಳು

ಬಿ.ಎಡ್. ಓದುವಾಗ ನಮ್ಮಿಂದ ‘ನನ್ನ ಬೋಧನಾ ದರ್ಶನ’ ಎಂಬ ಪ್ರಬಂಧ ಬರೆಸಿದ್ದರು. ಎರಡು ಪುಟ, ಹತ್ತು ಅಂಕ. ಮಕ್ಕಳು ಹೇಗೆ ಕಲಿಯುತ್ತಾರೆ ಎಂದು ನೀವು ನಂಬಿದ್ದೀರಿ, ನೀವು ಹೇಗೆ ಕಲಿಸುತ್ತೀರಿ, ಅದನ್ನು ನಿಮ್ಮದೇ ಮಾತಿನಲ್ಲಿ ಬರೆಯಬೇಕು ಎಂದು ಸರ್ ಹೇಳಿದ್ದರು. ಆ ಸಂಜೆಯೇ ಹಿಂದಿನ ವರ್ಷ ಓದಿದವಳೊಬ್ಬಳ ರೆಕಾರ್ಡ್ ಪುಸ್ತಕದ ಫೋಟೋ ನಮ್ಮ ವಾಟ್ಸ್ಆ್ಯಪ್ ಗುಂಪಿಗೆ ಬಂತು. ‘ಮಗು ಖಾಲಿ ಕೊಡವಲ್ಲ, ಅದರೊಳಗೆ ಆಗಲೇ ನೀರಿದೆ’ ಎಂದು ಶುರುವಾಗುತ್ತಿತ್ತು. ನಾನು ‘ಕೊಡ’ ತೆಗೆದು ‘ಪಾತ್ರೆ’ ಎಂದು ಬರೆದೆ. ಪಕ್ಕದವಳು ‘ಬಿಂದಿಗೆ’ ಎಂದು ಬರೆದಳು. ಸರ್ ಐವತ್ತು ಪುಸ್ತಕಗಳಿಗೂ ಕೆಂಪು ಶಾಯಿಯಲ್ಲಿ ರುಜು ಹಾಕಿ ಕೊಟ್ಟರು. ನನಗೆ ಎಂಟು ಅಂಕ ಬಂತು.

ಟೀಚರ್ ಆಗುವ ಆಸೆ ನನಗೆ ಇರಲಿಲ್ಲ. ಬಿ.ಎಸ್ಸಿ. ಮೊದಲ ವರ್ಷದಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಉಳ್ಳಾಗಡ್ಡಿಯ ಸಿಪ್ಪೆ ನೋಡಿದ ದಿನದಿಂದ, ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ ಮಾಡಬೇಕು ಎಂದುಕೊಂಡಿದ್ದೆ. ಗಾಜಿನ ಮುಂದೆ ಒಬ್ಬಳೇ ಕೂತು, ಯಾರೊಡನೆಯೂ ಮಾತಾಡದೆ, ಕಂಡದ್ದನ್ನು ಬರೆದಿಡುವ ಕೆಲಸ. ಅದರ ಅರ್ಜಿಯನ್ನೂ ತಂದಿಟ್ಟಿದ್ದೆ.

ಅಪ್ಪ ಸರ್ಕಾರಿ ಬಸ್ಸಿನ ಕಂಡಕ್ಟರ್. ವರ್ಷಗಟ್ಟಲೆ ಹುನಗುಂದ–ಇಳಕಲ್ ಬಸ್ಸಿನಲ್ಲೇ ಕೆಲಸ ಮಾಡಿದವನು. ಅಜ್ಜನ ಕಾಲದವರೆಗೆ ನಮ್ಮ ಮನೆಯಲ್ಲಿ ಕುರಿ ಇದ್ದವು. ತಿಂಗಳ ಪಗಾರ ಕಂಡ ಮೊದಲಿಗ ಅಪ್ಪನೇ. ಅರ್ಜಿ ನೋಡಿ ಅವನು ಸಿಟ್ಟಾಗಲಿಲ್ಲ.

“ಮಂದಿ ರಗತಾ, ಉಚ್ಚಿ ಹಿಡಕೊಂಡು ಕುಂದರ್ತೀಯೇನು ತಂಗಿ? ಮಾಸ್ತರಕಿ ಅಂದ್ರ ಮಂದಿ ಎದ್ದು ನಿಂತು ನಮಸ್ಕಾರ ಮಾಡ್ತಾರ,” ಅಂದ.

ಮರುದಿನ ಬೀರಪ್ಪನ ಗುಡಿಗೆ ಹೋಗಿ ಕಾಯಿ ಒಡೆಸಿಕೊಂಡು ಬಂದ. ಆಮೇಲೆ ತನ್ನ ಬಸ್ಸಿನಲ್ಲಿ ದಿನಾ ಬರುವವರಿಗೆಲ್ಲ, ನನಗಿನ್ನೂ ಸೀಟೇ ಸಿಕ್ಕಿರಲಿಲ್ಲ, ‘ನಮ್ಮ ಮಗಳು ಟೀಚರ್ ಆಗ್ತಾಳ’ ಎಂದು ಹೇಳಿಬಿಟ್ಟ. ನಾನು ಆ ಬಸ್ಸು ಹತ್ತಿದರೆ ಸಾಕು, ಗುರುತಿಲ್ಲದ ಹೆಂಗಸರು ಸರಿದು ಜಾಗ ಕೊಟ್ಟು, “ಬಾರವ್ವ ಟೀಚರಮ್ಮ, ಕುಂದ್ರು,” ಅನ್ನುತ್ತಿದ್ದರು. ಅಷ್ಟು ಜನರ ಬಾಯಿಗೆ ಬಿದ್ದ ಮೇಲೆ ಇಲ್ಲ ಅನ್ನುವುದು ನನ್ನಿಂದ ಆಗಲಿಲ್ಲ.

ಕಾಲೇಜು ಬಾಗಲಕೋಟೆಯ ವಿದ್ಯಾಗಿರಿಯಲ್ಲಿತ್ತು. ಬೆಳಿಗ್ಗೆ ಏಳರ ಬಸ್ಸಿಗೆ ಹುನಗುಂದ ಬಿಟ್ಟರೆ ಕತ್ತಲಾಗುವ ಹೊತ್ತಿಗೆ ಮನೆ. ಕಲಿಕೆಯ ಸಿದ್ಧಾಂತಗಳ ತರಗತಿ ದಿನವೂ ಮೊದಲನೆಯದು. ಸರ್ ನಿಂತು ಹೇಳುವರು, ನಾವು ಬರೆದುಕೊಳ್ಳುವೆವು. ಗಂಟೆಯ ಸಪ್ಪಳಕ್ಕೇ ಜೊಲ್ಲು ಸುರಿಸಲು ಕಲಿತ ನಾಯಿಯ ಬಗ್ಗೆ ಬರೆದುಕೊಂಡೆವು. ದೊಡ್ಡವರು ಮಾಡಿದ್ದನ್ನು ನೋಡಿ ಮಕ್ಕಳು ಕಲಿಯುತ್ತಾರೆ ಎಂದು ಬರೆದುಕೊಂಡೆವು. ಜ್ಞಾನವನ್ನು ಯಾರೂ ಇನ್ನೊಬ್ಬರ ತಲೆಗೆ ಸುರಿಯಲಾರರು, ಕಲಿಯುವವರೇ ಅದನ್ನು ತಮ್ಮೊಳಗೆ ಕಟ್ಟಿಕೊಳ್ಳಬೇಕು ಎಂಬುದನ್ನೂ ಸರ್ ಎರಡೆರಡು ಸಲ ಹೇಳಿ ಬರೆಸಿದರು.

ಒಂದು ಮಾತು ಮಾತ್ರ ನನಗೆ ನಿಜವಾಗಿ ನಾಟಿತ್ತು. ಮಗು ಇವತ್ತು ಒಂಟಿಯಾಗಿ ಮಾಡಲಾಗದ್ದನ್ನು ಗೊತ್ತಿರುವವರು ಜೊತೆಗಿದ್ದರೆ ಮಾಡುತ್ತದೆ. ಕಲಿಸುವ ಜಾಗ ಅದೇ ಎಂಬ ಮಾತು. ಅವ್ವ ನನಗೆ ರೊಟ್ಟಿ ಬಡಿಯಲು ಕಲಿಸಿದ್ದು ಹಾಗೇ, ನನ್ನ ಕೈ ಮೇಲೆ ತನ್ನ ಕೈ ಇಟ್ಟು. ಆ ಹುಮ್ಮಸ್ಸಿನಲ್ಲಿ ಒಂದು ದಿನ ಎದ್ದು ನಿಂತೆ.

“ಸರ್, ಕಲಿಯವರು ತಾವ ಕಟ್ಟಿಕೋಬೇಕು ಅಂದ್ರ, ನಾವ್ಯಾಕ್ರೀ ಇದನ್ನ ಬರೀ ಬರಕೋತ ಕುಂತೇವಿ?”

ತರಗತಿ ನಕ್ಕಿತು. ಸರ್ ನಗಲಿಲ್ಲ. ಕೈಯಲ್ಲಿದ್ದ ನೋಟ್ಸಿನ ಹಾಳೆಗಳನ್ನೊಮ್ಮೆ ನೋಡಿಕೊಂಡರು. “ಪ್ರಶ್ನಿ ಛಲೋ ಐತವ್ವ. ಆದ್ರ ಈ ತಿಂಗಳ ಪೋರ್ಷನ್ ಮುಗೀಬೇಕು. ಬರಕೋ,” ಅಂದರು. ನಾನು ಕೂತು ಬರೆದುಕೊಂಡೆ.

ಪಾಠ ಯೋಜನೆಯ ಹಾಳೆಯಲ್ಲಿ ಐದು ಕಾಲಂ ಇರುತ್ತಿದ್ದವು. ಅದರಲ್ಲೊಂದು ‘ವಿದ್ಯಾರ್ಥಿಗಳ ನಿರೀಕ್ಷಿತ ಉತ್ತರ’. ಮಕ್ಕಳ ಮುಖ ನೋಡುವ ಮೊದಲೇ ಅವರು ಏನು ಹೇಳುತ್ತಾರೆ ಎಂದು ನಾವು ಬರೆದಿಡಬೇಕಿತ್ತು. ಬರೆದಂತೆ ಅವರು ಹೇಳದಿದ್ದರೆ ನಮ್ಮ ಅಂಕ ಹೋಗುತ್ತಿತ್ತು. ಹಾಗಾಗಿ ಪರೀಕ್ಷಕರ ಮುಂದೆ ಮಾಡಬೇಕಾದ ಪಾಠವನ್ನು ಮಕ್ಕಳಿಗೆ ಮೊದಲೇ ನಾಲ್ಕೈದು ಸಲ ಮಾಡಿಸಿಬಿಡುವುದು ನಮ್ಮಲ್ಲಿ ರೂಢಿಯಾಗಿತ್ತು.

ಶಾಲೆಯ ತರಬೇತಿಗೆ ನನ್ನನ್ನು ಬಾದಾಮಿ ತಾಲ್ಲೂಕಿಗೆ ಹಾಕಿದರು. ನಾವು ಮೂವರು ಹುಡುಗಿಯರು ಬಾದಾಮಿಯಲ್ಲಿ ಒಂದು ಮಾಳಿಗೆಯ ಕೋಣೆ ಹಿಡಿದೆವು. ಮಂಗಗಳ ದೆಸೆಯಿಂದ ಕಿಟಕಿ ತೆರೆಯುವಂತಿರಲಿಲ್ಲ. ಬಟ್ಟೆಯನ್ನೂ ಒಳಗೇ ಒಣಗಿಸುತ್ತಿದ್ದೆವು. ಬೆಳಿಗ್ಗೆ ಬಸ್ಸಿಗೆ ಕುಳಗೇರಿ ಕ್ರಾಸ್, ಅಲ್ಲಿಂದ ಟಂಟಂ ಆಟೋ ಹತ್ತಿ ಒಳಗಿನ ಹಳ್ಳಿಯ ಹೈಸ್ಕೂಲು. ನನಗೆ ಸಿಕ್ಕಿದ್ದು ಎಂಟನೇ ತರಗತಿಯ ವಿಜ್ಞಾನ. ಮೂವತ್ತೆಂಟು ಮಕ್ಕಳು. ಕೊರೊನಾ ಕಾಲದಲ್ಲಿ ಶಾಲೆ ಮುಚ್ಚಿದ್ದಾಗ ಅಕ್ಷರ ಮರೆತವರು, ಆಗ ಕಲಿಯಬೇಕಾದ್ದನ್ನು ಕಲಿಯದೆಯೇ ಮೇಲೆ ಬಂದವರು, ಒಟ್ಟು ಒಂಬತ್ತು ಮಂದಿ ಕನ್ನಡವನ್ನೇ ಕೂಡಿಸಿ ಓದಲಾರದವರಿದ್ದರು.

ಅವರಲ್ಲೊಬ್ಬ ಹುಡುಗಿ ಕರಿಹಲಗೆಯ ಮೇಲಿದ್ದುದನ್ನು ರಂಗೋಲಿ ಹಾಕಿದಂತೆ ದುಂಡಗೆ ಇಳಿಸಿಕೊಳ್ಳುತ್ತಿದ್ದಳು. ನಾನು ತಪ್ಪು ಬರೆದು ಹೊಡೆದುಹಾಕಿದ ಗೀಟನ್ನೂ ಬಿಡುತ್ತಿರಲಿಲ್ಲ. ಮೊದಲ ವಾರ ಅವಳ ಪುಸ್ತಕ ನೋಡಿ ಎಲ್ಲರಿಗಿಂತ ಜಾಣೆ ಎಂದುಕೊಂಡಿದ್ದೆ. ಓದು ಅಂದಾಗ ತಲೆ ತಗ್ಗಿಸಿದಳು. ಊಟದ ಬಿಡುವಿನಲ್ಲಿ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿಸತೊಡಗಿದೆ. ಪುಸ್ತಕ ಕಂಡರೆ ಬೆವರುತ್ತಿದ್ದಳು. ಅದಕ್ಕೆ ಬಿಸ್ಕೀಟಿನ ಹಾಳೆ, ಬೀಜದ ಚೀಲ, ಬಸ್ಸಿನ ಬೋರ್ಡು, ಕಣ್ಣಿಗೆ ಬಿದ್ದದ್ದೆಲ್ಲ ಓದಿಸಿದೆ. ಐದನೇ ವಾರ ‘ಬಾಗಲಕೋಟೆ’ಯನ್ನು ಒಂದೇ ಉಸಿರಿಗೆ ಓದಿದಳು. ಆ ದಿನ ಕೋಣೆಗೆ ಬಂದು ನನ್ನ ಜೊತೆಯವರಿಗೆ ಅದನ್ನು ಮೂರು ಸಲ ಹೇಳಿದೆನಂತೆ. ಈ ಕೆಲಸ ನನಗೆ ಒಗ್ಗಬಹುದು ಎಂದು ಮೊದಲ ಸಲ ಅನ್ನಿಸಿದ್ದು ಆಗಲೇ.

ತರಬೇತಿಯ ಅಂತಿಮ ಪರೀಕ್ಷೆಗೆ ನಾನು ಆರಿಸಿಕೊಂಡ ಪಾಠ ಧ್ವನಿ. ಕಡ್ಡಿಪೆಟ್ಟಿಗೆಗಳಿಗೆ ದಾರ ಕಟ್ಟಿ ಫೋನು ಮಾಡಿದ್ದೆ. ತೂತು ಕೊರೆದು ದಾರ ಪೋಣಿಸಿದವಳು ಅದೇ ಹುಡುಗಿ.

“ಆ ದಿನ ದಾರಾ ನಾ ಹಿಡೀಲೇನ್ರಿ ಅಕ್ಕೋರ?” ಎಂದು ಕೇಳಿದ್ದಳು. ಹಿಡಿ ಎಂದಿದ್ದೆ.

ಪರೀಕ್ಷೆಯ ಹಿಂದಿನ ದಿನ ನನಗೆ ಮಾರ್ಗದರ್ಶಿಯಾಗಿದ್ದ ಆ ಶಾಲೆಯ ಹಿರಿಯ ಶಿಕ್ಷಕರು ಕರೆದರು. ಒಳ್ಳೆಯವರು, ತಮ್ಮ ಬುತ್ತಿಯ ಪಲ್ಯದಲ್ಲಿ ನನಗೂ ಒಂದು ಪಾಲು ಇಡುತ್ತಿದ್ದರು.

“ಆ ಒಂಬತ್ತು ಮಂದಿನ್ನ ಏನ್ಮಾಡ್ತೀರಿ?” ಅಂದರು.

“ಕುಂದರ್ತಾರ್ರಿ ಸರ್, ಎಲ್ಲಾರ ಜೋಡಿ.”

“ಹೊರಗಿನ ಪರೀಕ್ಷಕರು ಎಬ್ಬಿಸಿ ಕೇಳೂದು ಹಿಂದ ಕುಂತವರನ್ನ. ಒಬ್ಬಾಂವ ಬ್ಯಾ ಅಂದ್ರ ನಿಮ್ಮ ಎರಡು ವರ್ಷ ನೀರಾಗ ಹೋಗ್ತಾವ. ಕಾಳಿನ ಕೋಣ್ಯಾಗ ಕುಂಡ್ರಸ್ರಿ, ಒಂದು ತಾಸಿನ ಮಾತು. ಎಲ್ಲಾರೂ ಮಾಡೂದು ಹಿಂಗ.”

ಬಿಸಿಯೂಟದ ಅಕ್ಕಿ, ಬೇಳೆ ಇಡುವ ಕೋಣೆ ಅದು. ನನ್ನ ತರಗತಿಗೂ ಅದಕ್ಕೂ ನಡುವೆ ಒಂದೇ ಗೋಡೆ. ಅಪ್ಪನ ಬಸ್ಸು, ಅದರಲ್ಲಿನ ಹೆಂಗಸರು ನೆನಪಾದರು. ಆಗಲಿ ಸರ್ ಅಂದೆ.

ಬೆಳಿಗ್ಗೆ ಒಂಬತ್ತು ಮಕ್ಕಳಿಗೂ ಡ್ರಾಯಿಂಗ್ ಹಾಳೆ, ಬಣ್ಣದ ಪೆನ್ಸಿಲು ಕೊಟ್ಟು, ನಿಮಗೆ ಬೇರೆ ಕೆಲಸವಿದೆ ಎಂದು ಹೇಳಿ ಅಲ್ಲಿ ಕೂರಿಸಿದೆ. ಅವರು ಖುಷಿಯಿಂದಲೇ ಹೋದರು. ಆ ಹುಡುಗಿ ಮಾತ್ರ ನನ್ನ ಕೈಯಲ್ಲಿದ್ದ ಕಡ್ಡಿಪೆಟ್ಟಿಗೆಯನ್ನು ನೋಡಿದಳು. ಅಡುಗೆಯ ಅವ್ವನಿಗೆ, “ಇವರ ಕಡೆ ಒಂಚೂರು ನೋಡ್ರಿ, ಒಂದು ತಾಸು,” ಎಂದು ಹೇಳಿ ಬಂದೆ.

ಪರೀಕ್ಷಕರು ಬರುವುದೇ ಒಂದು ತಾಸು ತಡವಾಯಿತು. ಬಂದವರು ಮೊದಲು ಒಂಬತ್ತನೇ ತರಗತಿಯಲ್ಲಿ ನನ್ನ ಜೊತೆಯವಳ ಗಣಿತದ ಪಾಠ ನೋಡಿದರು. ಆಮೇಲೆ ಚಹಾ. ನನ್ನ ಪಾಠ ಶುರುವಾದಾಗ ಮಕ್ಕಳು ಆ ಕೋಣೆಗೆ ಹೋಗಿ ಎರಡು ತಾಸಿನ ಹತ್ತಿರ ಆಗಿತ್ತು. ಪಾಠದ ಯೋಚನೆಯಲ್ಲಿ ನನಗೆ ಅದರ ಲೆಕ್ಕವೇ ಇರಲಿಲ್ಲ.

ಪಾಠ ಸೊಗಸಾಗಿ ಹೋಯಿತು. ಕಾಲಂನಲ್ಲಿ ಬರೆದಿದ್ದ ಉತ್ತರಗಳು ಅಕ್ಷರ ತಪ್ಪದಂತೆ ಬಂದವು. ಘನವಸ್ತುವಿನಲ್ಲಿ ಧ್ವನಿ ಹೇಗೆ ಸಾಗುತ್ತದೆ ಎಂದು ತೋರಿಸಲು, “ಎಲ್ಲಾರೂ ಸುಮ್ಮನಾಗ್ರಿ, ಡೆಸ್ಕಿಗೆ ಕಿವಿ ಹಚ್ಚರಿ,” ಅಂದೆ. ಇಪ್ಪತ್ತೊಂಬತ್ತು ತಲೆಗಳು ಬಾಗಿದವು. ಕೋಣೆ ನಿಶ್ಶಬ್ದವಾಯಿತು.

ಆಗ ಗೋಡೆಯ ಆಚೆಯಿಂದ ಬಾಗಿಲು ಬಡಿಯುವ ಸಪ್ಪಳ ಕೇಳಿಸಿತು. ಮೊದಲು ಒಂದೆರಡು ಸಲ, ಆಮೇಲೆ ಬಿಡದೆ, ಅಂಗೈಯಿಂದ ಬಡಿದ ಹಾಗೆ.

ಮಕ್ಕಳು ತಲೆ ಎತ್ತಿ ನನ್ನನ್ನು ನೋಡಿದರು. ಒಳಗಿದ್ದವರು ಯಾರು ಎಂದು ಅವರೆಲ್ಲರಿಗೂ ಗೊತ್ತಿತ್ತು.

“ಏನ್ರಿ ಅದು ಸಪ್ಪಳ?” ಹಿಂದಿನ ಬೆಂಚಿನಿಂದ ಪರೀಕ್ಷಕರು ಕೇಳಿದರು.

“ಪಕ್ಕದಾಗ ಅಡಿಗಿ ಕೆಲಸ ನಡದೈತ್ರಿ ಸರ್,” ಅಂದೆ.

ಒಂದು ಮಗುವೂ ಬಾಯಿ ಬಿಡಲಿಲ್ಲ. ಸಪ್ಪಳ ಸ್ವಲ್ಪ ಹೊತ್ತಿನ ಮೇಲೆ ತಾನಾಗಿ ನಿಂತಿತು. ನಾನು ಉಳಿದ ಹದಿನೈದು ನಿಮಿಷ ಪಾಠ ಮಾಡಿದೆ. ಹೇಗೆ ಮಾಡಿದೆ ಎಂದು ಈಗಲೂ ಕೇಳಿಕೊಳ್ಳುತ್ತೇನೆ. ಬಾಗಿಲು ನನ್ನಿಂದ ಹತ್ತು ಹೆಜ್ಜೆ ದೂರದಲ್ಲಿತ್ತು. ನೋಡಿ ಬರುತ್ತೇನೆ ಅಂದಿದ್ದರೆ ಪರೀಕ್ಷಕರೇನೂ ಬೇಡ ಅನ್ನುತ್ತಿರಲಿಲ್ಲ.

ಪಾಠ ಮುಗಿದು ಅವರು ಆಫೀಸಿಗೆ ಹೋದ ಮೇಲೆ ಓಡಿದೆ. ಹೊರಗಿನಿಂದ ಚಿಲಕ ಹಾಕಿತ್ತು. ಅಡುಗೆಯ ಅವ್ವ ರೂಢಿಯಂತೆ, ನಾಯಿ ನುಗ್ಗುತ್ತವೆ ಎಂದು ಚಿಲಕ ಹಾಕಿ ನೀರಿಗೆ ಹೋಗಿದ್ದಳು, ಬರುವುದು ತಡವಾಗಿತ್ತು. ತೆಗೆದಾಗ ಒಳಗಿನ ಬಿಸಿ ಮುಖಕ್ಕೆ ಬಡಿಯಿತು. ಎಂಟು ಮಕ್ಕಳು ಮೂಲೆಯಲ್ಲಿ ಒತ್ತಾಗಿ, ನನಗೆ ಬೆನ್ನು ಮಾಡಿ ನಿಂತಿದ್ದರು. ಅವರ ನಡುವೆ ಆ ಹುಡುಗಿ ಕೂತಿದ್ದಳು. ತಡೆದುಕೊಳ್ಳಲಾಗದೆ ಅವಳ ಲಂಗ ಒದ್ದೆಯಾಗಿತ್ತು. ಉಳಿದವರು ಅವಳು ಕಾಣದ ಹಾಗೆ ಮರೆಯಾಗಿ ನಿಂತಿದ್ದರು. ಡ್ರಾಯಿಂಗ್ ಹಾಳೆಗಳನ್ನೆಲ್ಲ ನೆಲಕ್ಕೆ ಹಾಸಿದ್ದರು.

ನನ್ನ ವೇಲ್ ಅವಳ ಸೊಂಟಕ್ಕೆ ಸುತ್ತಿದೆ. ನನ್ನ ಮುಖ ನೋಡದೆ ಚೀಲ ತೆಗೆದುಕೊಂಡು ಮನೆಗೆ ಹೋದಳು.

ಮೂರು ದಿನ ಅವಳು ಬರಲಿಲ್ಲ. ನಾಲ್ಕನೇ ದಿನ ಸಂಜೆ ಮನೆ ಹುಡುಕಿಕೊಂಡು ಹೋದೆ. ಅವಳ ತಾಯಿ ಕೂಲಿಯಿಂದ ಆಗಷ್ಟೇ ಬಂದಿದ್ದಳು. “ಬರ್ರಿ ಅಕ್ಕೋರ, ಕುಂದರ್ರಿ. ಹೊಟ್ಟಿ ನೋವು ಅಂತ ಮನ್ಯಾಗ ಕುಂತಾಳ್ರಿ, ಬ್ಯಾರೆ ಏನೂ ಹೇಳವಲ್ಲಳು,” ಎಂದು ಚಹಾ ಕಾಸಲು ಒಳಗೆ ಹೋದಳು. ಹುಡುಗಿ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದಳು. ನನ್ನ ವೇಲ್ ಒಗೆದು, ಮಡಿಚಿ, ಗೂಡಿನಲ್ಲಿಟ್ಟಿದ್ದಳು.

“ನಂದು ತಪ್ಪಾತು,” ಅಂದೆ.

ಅವಳು ಸುಲಿಯುತ್ತಲೇ ಕೇಳಿದಳು: “ನಾವು ಬಾಗಲಾ ಬಡದದ್ದು ನಿಮಗ ಕೇಳಿಸಿತ್ತೇನ್ರಿ?”

ಸುಳ್ಳು ಹೇಳಲು ಆ ಕ್ಷಣದಲ್ಲೂ ದಾರಿಯಿತ್ತು. “ಕೇಳಿಸಿತ್ತು,” ಅಂದೆ.

ಅವಳ ಕೈ ನಿಂತಿತು. “ನಿಮಗ ಕೇಳಿಸಿಲ್ಲಂತ ನಾ ಒಳಗಿದ್ದವರಿಗೆಲ್ಲಾ ಹೇಳೀನ್ರಿ,” ಅಂದಳು.

ಸೋಮವಾರ ಶಾಲೆಗೆ ಬಂದಳು. ಕರಿಹಲಗೆಯನ್ನು ಮೊದಲಿನಂತೆಯೇ ದುಂಡಗೆ ಇಳಿಸಿಕೊಂಡಳು. ಊಟದ ಬಿಡುವಿನಲ್ಲಿ ಮಾತ್ರ ನನ್ನ ಬಳಿ ಓದಲು ಬರಲಿಲ್ಲ. ಕರೆದರೆ, “ನಾಳಿ ಬರ್ತೇನ್ರಿ,” ಅನ್ನುವಳು. ಎರಡು ವಾರದಲ್ಲಿ ನನ್ನ ತರಬೇತಿ ಮುಗಿಯಿತು. ಅವಳು ಆಮೇಲೆ ಓದಲು ಕಲಿತಳೋ ಇಲ್ಲವೋ ನನಗೆ ತಿಳಿಯದು.

ಮನೆಗೆ ಹೋದವಳು ಅಪ್ಪನಿಗೆ ಈ ಕೋರ್ಸ್ ಬಿಡುತ್ತೇನೆ ಅಂದೆ. ಕಾರಣ ಹೇಳಲಿಲ್ಲ. ಅಪ್ಪ ಡ್ಯೂಟಿಯಿಂದ ಬಂದು ಕಾಲು ನೀಡಿ ಕೂತಿದ್ದ. “ಹುಚ್ಚಿ, ಇನ್ನ ನಾಲ್ಕು ತಿಂಗಳು ಅಷ್ಟ ಐತಲ್ಲ. ಪರೀಕ್ಷಾದಾಗ ಭಾಳ ಛಲೋ ಮಾಡ್ಯಾಳ ಅಂತ ನಿಮ್ಮ ಸರ್ ಫೋನ್ ಮಾಡಿ ಹೇಳ್ಯಾರ,” ಅಂದ. ಅವನ ಮುಖದಲ್ಲಿದ್ದ ಸಂತೋಷ ನೋಡಿ, ಮರುದಿನ ಮತ್ತೆ ಏಳರ ಬಸ್ಸು ಹತ್ತಿದೆ.

ಕೊನೆಯ ಸೆಮಿಸ್ಟರಿನ ಮೌಖಿಕ ಪರೀಕ್ಷೆಯಲ್ಲಿ ನನ್ನ ಬೋಧನಾ ದರ್ಶನ ಏನೆಂದು ಕೇಳಿದರು. ಪಾತ್ರೆಯ ಮಾತನ್ನೇ ಒಪ್ಪಿಸಿದೆ. ಕುರ್ಚಿಯ ಮೇಲಿದ್ದವರು ತಲೆದೂಗಿದರು. ದೊಡ್ಡವರನ್ನು ನೋಡಿ ಮಕ್ಕಳು ಕಲಿಯುತ್ತಾರೆ ಎಂಬ ಸಿದ್ಧಾಂತಕ್ಕೆ ಉದಾಹರಣೆ ಕೊಡಿ ಅಂದರು. ಪುಸ್ತಕದ ಉದಾಹರಣೆ ಕೊಟ್ಟೆ. ಗೋಡೆಯ ಸಪ್ಪಳ ಕೇಳಿಯೂ ನನ್ನ ಮುಖ ನೋಡಿ ಸುಮ್ಮನೆ ಕೂತ ಇಪ್ಪತ್ತೊಂಬತ್ತು ಮಕ್ಕಳು ಕಣ್ಣ ಮುಂದೆ ಇದ್ದರು. ಅವರು ನನ್ನಿಂದ ಆ ದಿನ ಏನು ಕಲಿತರು ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಈಗ ಇಳಕಲ್ಲಿನ ಒಂದು ಖಾಸಗಿ ಶಾಲೆಯಲ್ಲಿ ಕಲಿಸುತ್ತೇನೆ. ಸರ್ಕಾರಿ ನೇಮಕಾತಿಗೆ ಬೇಕಾದ ಅರ್ಹತಾ ಪರೀಕ್ಷೆ ಪಾಸಾಗಿದೆ. ನೇಮಕಾತಿಗೆ ಇನ್ನೂ ಕಾಯುತ್ತಿದ್ದೇನೆ. ಇಲ್ಲಿ ಪ್ರತಿ ಜೂನ್‌ನಲ್ಲಿ ಮತ್ತೆ ಒಂದು ವರ್ಷಕ್ಕೆ ಎಂದು ಆದೇಶ ಕೊಡುತ್ತಾರೆ. ನಾನು ಕಲಿಸುವ ರೀತಿಯ ಬಗ್ಗೆ ಹೇಳಿಕೊಳ್ಳುವಂಥದ್ದು ಹೆಚ್ಚೇನಿಲ್ಲ. ಪಾಠ ಶುರು ಮಾಡುವ ಮೊದಲು ಮಕ್ಕಳಿಗೆ ಅದರ ಬಗ್ಗೆ ಏನು ಗೊತ್ತು ಎಂದು ಕೇಳುತ್ತೇನೆ, ತಪ್ಪು ಹೇಳಿದರೆ ಆ ತಪ್ಪು ಎಲ್ಲಿಂದ ಬಂತು ಎಂದು ಕೇಳುತ್ತೇನೆ. ಓದಲು ಬಾರದವರ ಜೊತೆ ಕೂರುತ್ತೇನೆ. ಯಾರನ್ನೂ ಹೊರಗೆ ಕಳಿಸುವುದಿಲ್ಲ. ಇದೆಲ್ಲ ಅರ್ಧ ಪೀರಿಯಡ್ ಮಾತ್ರ. ನೋಟ್‌ಬುಕ್ ತಪಾಸಣೆ ಇರುತ್ತದಾದ್ದರಿಂದ ಉಳಿದರ್ಧ ನಾನೂ ನಿಂತು ಹೇಳುತ್ತೇನೆ, ಅವರು ಬರೆದುಕೊಳ್ಳುತ್ತಾರೆ.

ಮೂರನೇ ವರ್ಷ ನವೆಂಬರಿನಲ್ಲಿ ಹೆಡ್‌ಮಾಸ್ತರರು ಕರೆದರು. ಹತ್ತನೇ ತರಗತಿಯಲ್ಲಿ ನಪಾಸಾಗುವವರ ಹೆಸರು ಕೊಡಬೇಕಿತ್ತು. ಅವರ ತಂದೆತಾಯಿಯರನ್ನು ಕರೆಸಿ, ಮಗುವನ್ನು ಶಾಲೆಯಿಂದ ಬಿಡಿಸಿ ಹೊರಗಿನಿಂದ ಪರೀಕ್ಷೆ ಕಟ್ಟಿಸಿ ಎಂದು ಹೇಳುವುದು, ಆಮೇಲೆ ಶಾಲೆಯ ಫಲಿತಾಂಶ ನೂರಕ್ಕೆ ನೂರು ಎಂದು ಬ್ಯಾನರ್ ಕಟ್ಟುವುದು ಅಲ್ಲಿನ ರೂಢಿ.

“ನಾಲ್ಕು ಹೆಸರು ಸಾಕು ಮೇಡಂ.”

“ನನ್ನ ವಿಷಯದಾಗ ಅಂಥವರು ಯಾರೂ ಇಲ್ರಿ ಸರ್.”

“ಇಬ್ಬರು ಓದಾಕ ಬಾರದವರು ಅದಾರಲ್ಲ. ನೀವ ಮಧ್ಯಾಹ್ನ ಕುಂಡ್ರಿಸಿಕೊಂಡು ಓದಸ್ತೀರಿ, ನಾ ನೋಡೀನಿ.”

“ಅದಕ್ಕ ಅವರ ಹೆಸರು ಕೊಡಾಂಗಿಲ್ರಿ,” ಎಂದು ಹೇಳಿ, ಯಾಕೆ ಎಂದು ಅವರು ಕೇಳಿದಾಗ ಕಾಳಿನ ಕೋಣೆಯ ಕಥೆಯನ್ನೆಲ್ಲ ಹೇಳಿದೆ. ಯಾರಿಗಾದರೂ ಅದನ್ನು ಹೇಳಿದ್ದು ಅದೇ ಮೊದಲು. ಅವರು ಕೊನೆಯವರೆಗೂ ಕೇಳಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ನಂಗೂ ಇದು ಸೇರೂದಿಲ್ಲ ಮೇಡಂ. ಮ್ಯಾಲಿನವರು ಬಿಡೂದಿಲ್ಲ. ನೀವು ಕೊಡಬ್ಯಾಡ್ರಿ,” ಎಂದು ಡ್ರಾವರಿನಿಂದ ಒಂದು ಹಾಳೆ ತೆಗೆದು ತೋರಿಸಿದರು. “ಉಳಿದವರು ಕೊಟ್ಟಾರ.” ನಾಲ್ಕು ಹೆಸರುಗಳಲ್ಲಿ ನಾನು ಓದಿಸುತ್ತಿದ್ದ ಇಬ್ಬರೂ ಇದ್ದರು.

ಆ ವಾರ ನಾಲ್ಕೂ ಮನೆಗಳಿಗೆ ಹೋದೆ. ಮಗು ಇದೇ ಶಾಲೆಯಿಂದ ಪರೀಕ್ಷೆಗೆ ಕೂರಬಹುದು, ಬಿಡಿಸುತ್ತೇವೆ ಎಂದು ರುಜು ಹಾಕಬೇಕಾಗಿಲ್ಲ ಎಂದು ಹೇಳಿದೆ. ಎರಡು ಮನೆಯವರು ಆಗಲೇ ರುಜು ಹಾಕಿದ್ದರು. ಇನ್ನೆರಡು ಮನೆಯವರು ಹಾಕಲಿಲ್ಲ. ರುಜು ಹಾಕದ ಆ ಎರಡು ಮನೆಯ ಮಕ್ಕಳಲ್ಲಿ ಒಬ್ಬಳು ಪಾಸಾದಳು. ಇನ್ನೊಬ್ಬ ವಿಜ್ಞಾನದಲ್ಲೇ, ನನ್ನದೇ ವಿಷಯದಲ್ಲಿ, ನಪಾಸಾಗಿ ಎರಡನೇ ಪರೀಕ್ಷೆಯಲ್ಲಿ ಕಷ್ಟಪಟ್ಟು ದಾಟಿದ. ಆ ವರ್ಷ ಬ್ಯಾನರ್ ಕಟ್ಟಲಿಲ್ಲ. ಜೂನ್‌ನಲ್ಲಿ ಬಂದ ಆದೇಶದಲ್ಲಿ ನನಗೆ ಹತ್ತನೇ ತರಗತಿ ಇರಲಿಲ್ಲ. ಆರು ಮತ್ತು ಏಳು ಮಾತ್ರ.

ಈ ವರ್ಷ ಆರನೇ ತರಗತಿಗೆ ಗ್ರಾನೈಟ್ ಕೆಲಸಕ್ಕೆ ಹೊರರಾಜ್ಯದಿಂದ ಬಂದವರ ಮಗಳೊಬ್ಬಳು ಸೇರಿದ್ದಾಳೆ. ಕನ್ನಡ ಇನ್ನೂ ಬಾರದು. ಮೂರು ವಾರ ಕಳೆದರೂ ತರಗತಿಯಲ್ಲಿ ಬಾಯಿ ತೆರೆದಿರಲಿಲ್ಲ. ಮೊನ್ನೆ ಇಲಾಖೆಯಿಂದ ತಪಾಸಣೆಗೆ ಬರುವವರಿದ್ದರು. ಹಿಂದಿನ ದಿನ ಹೆಡ್‌ಮಾಸ್ತರರು ನನ್ನ ಕಡೆ ನೋಡದೆ, “ಆ ಹುಡುಗಿಗೆ ನಾಳಿ ರಜಾ ಅಂತ ಹೇಳಿಬಿಡ್ರಿ,” ಅಂದರು.

“ಆಕಿ ಬರ್ತಾಳ್ರಿ ಸರ್,” ಅಂದೆ.

ಬಂದಳು. ತಪಾಸಣೆಗೆ ಬಂದವರು ನೇರವಾಗಿ ಅವಳನ್ನೇ ಎಬ್ಬಿಸಿ, ನೀರಿನ ಮೂಲಗಳನ್ನು ಹೇಳು ಅಂದರು. ಅವಳು ನನ್ನನ್ನು ನೋಡಿದಳು. ನಾನು ಹತ್ತಿರ ಹೋಗಿ ಪಕ್ಕದಲ್ಲಿ ನಿಂತೆ. ಅವಳು ಏನೂ ಹೇಳಲಿಲ್ಲ. ಒಂದು ನಿಮಿಷ ಕಾದು ಅವರು ಕೂರಲು ಹೇಳಿದರು. ಸಂಜೆ ಷರಾ ಪುಸ್ತಕದಲ್ಲಿ ಆರನೇ ತರಗತಿಯ ವಿಜ್ಞಾನ ಬೋಧನೆ ಸುಧಾರಿಸಬೇಕು ಎಂದು ಬರೆದಿತ್ತು. ಕೆಳಗೆ ನನ್ನ ರುಜುವಿಗೆ ಜಾಗ ಬಿಟ್ಟಿದ್ದರು. ಹಾಕಿದೆ. ಮರುದಿನ ನನ್ನ ಮೊದಲನೇ ಪೀರಿಯಡ್ ಅದೇ ತರಗತಿಯಲ್ಲಿತ್ತು, ಅವಳು ತನ್ನ ಜಾಗದಲ್ಲೇ ಕೂತಿದ್ದಳು.